ಒಂದು ನಿಮಿಷ ಮುಂಚೆ

ಕೊನೆಯ ಎರಡು ಕುರ್ಚಿಗಳನ್ನು ಒಳಗೆ ತರುತ್ತಿದ್ದ ಒಂದನೇ ತರಗತಿಯ ಟೀಚರ್, ಗೇಟಿನ ಬಳಿ ಆ ಹುಡುಗಿಯನ್ನು ಕಂಡು ನಿಂತಲ್ಲೇ ನಿಂತುಬಿಟ್ಟಳು. ಆರು ವರ್ಷದ ಮಗು. ಅಮ್ಮನ ಚೀಲಕ್ಕೆ ಜೋತುಬಿದ್ದು ಬರುತ್ತಿತ್ತು. ಆದರೂ ಟೀಚರ್ ಕುರ್ಚಿಗಳನ್ನು ತನಗೂ ಮಗುವಿಗೂ ನಡುವೆ ಹಿಡಿದುಕೊಂಡಳು.

ಆ ಸಾವಿನ ಮನೆಯ ಹಜಾರದಲ್ಲಿ ಬಿಳಿ ಬಟ್ಟೆ ಹೊದೆಸಿ ಮಲಗಿಸಿದ್ದವರನ್ನು ಎಲ್ಲರೂ ‘ಕಡೇ ಬೆಂಚಿನಕ್ಕ’ ಎಂದೇ ಕರೆಯುತ್ತಿದ್ದರು. ಕಚ್ಚುವ, ಒದೆಯುವ, ಓಡಿಹೋಗುವ ಮಕ್ಕಳಿರುವ ತರಗತಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ನೋಡುವುದು, ಬಳಿಕ ಟೀಚರುಗಳಿಗೆ ದಾರಿ ತೋರಿಸುವುದು ಅವರ ಕೆಲಸ. ಮೂವತ್ತೊಂದು ವರ್ಷ, ಹನ್ನೊಂದು ಶಾಲೆ. ಭಾನುವಾರ ಮಧ್ಯಾಹ್ನ ಮಲಗಿದವರು ಏಳಲಿಲ್ಲ.

“ಮಕ್ಕಳ ಬೆಂಚಲ್ಲಿ ಕೂತೂ ಕೂತೂ ಮಂಡಿ ಸವೆದುಹೋಗಿತ್ತು,” ಎಂದರು ದರ್ಜಿ ಕೆಲಸ ಮಾಡುವ ಅವರ ತಮ್ಮ. “ಮನೇಲೂ ಅದೇ ಕಸುಬು. ನಾನು ಹೆಂಡತಿ ಜೊತೆ ಜಗಳ ಆಡ್ಕೊಂಡು ಬಂದ್ರೆ, ‘ಒಂದು ನಿಮಿಷ ಮುಂಚೆ ನೀನೇನೋ ಮಾಡ್ತಿದ್ದೆ?’ ಅನ್ನೋಳು. ಸಮಾಧಾನ ಹುಡ್ಕೊಂಡು ಬಂದೋನಿಗೆ ಬೆವರಿಳಿಸೋಳು!”

ಕೂತವರು ಮೆಲ್ಲಗೆ ನಕ್ಕರು. ಟೀಚರ್ ಕುರ್ಚಿಗಳನ್ನು ಗೋಡೆ ಬದಿಗೆ ಹಾಕಿದಳು.

ಹೆಡ್ ಮೇಡಂ ಅವಳ ಕಿವಿಯ ಬಳಿ ಬಾಗಿದರು. “ನಾಳೆ ಹತ್ತಕ್ಕೆ ಆ ಹುಡುಗೀನ ಶಾಲೆಯಿಂದ ತೆಗೆಯೋ ಫೈಲು ಮೇಲಿನ ಆಫೀಸಿಗೆ ಹೋಗುತ್ತೆ. ನಿನ್ನ ಸಹಿ ಒಂದೇ ಬಾಕಿ. ಆಮೇಲೆ ಅವಳು ನಮ್ಮ ತಲೆನೋವಲ್ಲ.”

“ಬೇರೆ ಶಾಲೆ ಸಿಗುತ್ತಾ ಮೇಡಂ?”

“ಕತ್ತರಿ ಬೀಸಿದಳು ಅಂತ ಬರೆದಿರೋವಾಗ ಯಾರು ಸೇರಿಸ್ಕೋತಾರೆ? ಮನೇಲಿರ್ತಾಳೆ.”

\*

ಹತ್ತು ದಿನಗಳ ಹಿಂದೆ ಹುಡುಗಿ ಕಾಗದ ಕತ್ತರಿಸುತ್ತಿದ್ದಳು. ಹಿಂದಿನ ವಾರವಷ್ಟೇ ಕುರ್ಚಿ ಎಸೆದವಳು. ಅವಳ ಕೈಯಲ್ಲಿ ಕತ್ತರಿ ಕಂಡೊಡನೆ ಟೀಚರಿಗೆ ಭಯವಾಯಿತು. ಸದ್ದಿಲ್ಲದೆ ಹಿಂದಿನಿಂದ ಹೋಗಿ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಮಗು ಕಿರುಚಿ ಕೊಸರಿಕೊಂಡಿತು. ಕತ್ತರಿ ತಾಗಿ ಪಕ್ಕದ ಹುಡುಗನ ಹುಬ್ಬು ಸೀಳಿತು. ಮೂರು ಹೊಲಿಗೆ.

ಕಡೇ ಬೆಂಚಿನಕ್ಕ ಟೀಚರುಗಳಿಂದ ಬರೆಸುವ ಹಾಳೆಯಲ್ಲಿ ಮೂರು ಕಾಲಂ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಮೊದಲನೆಯದರಲ್ಲಿ ಟೀಚರ್ ‘ಏನೂ ಇಲ್ಲ’ ಎಂದು ಬರೆದಳು.

ಮೊನ್ನೆ ಶಾಲೆಗೆ ಬಂದಿದ್ದ ಅಕ್ಕ ಆ ಎರಡು ಪದಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. “ಅವತ್ತು ನಾನಿರಲಿಲ್ಲ, ನೀನಿದ್ದೆ. ಭಯ ಆಗಿತ್ತಾ?”

“ಇಲ್ಲ ಅಕ್ಕ.”

“ನನಗೆ ಮೊದಲ ಹತ್ತು ವರ್ಷ ದಿನಾ ಆಗ್ತಿತ್ತು ಕಣಮ್ಮ. ಸೋಮವಾರ ಬರ್ತೀನಿ, ಇದನ್ನ ಸರಿಯಾಗಿ ಬರೆದಿಡು.”

ಇಂದು ಸೋಮವಾರ.

\*

“ಅಕ್ಕನ್ನ ನೋಡ್ಲೇಬೇಕು ಅಂತ ಒಂದೇ ಹಟ ಟೀಚರೇ,” ಎಂದಳು ಹುಡುಗಿಯ ಅಮ್ಮ, ಹೊಸ್ತಿಲಾಚೆಯಿಂದಲೇ. “ಬಯ್ಬೇಡಿ. ಇಲ್ಲೇ ನಿಂತು ನೋಡ್ಕೊಂಡು ಹೋಗ್ತೀವಿ.”

ಹುಡುಗಿ ತಲೆ ಎತ್ತಿದಳು. ಟೀಚರನ್ನು ಕಂಡೊಡನೆ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಟೀಚರ್ ಆ ಪುಟ್ಟ ಭುಜಗಳನ್ನೇ ನೋಡಿದಳು. ಅವು ಅಮ್ಮನ ಸೀರೆಗೆ ಒತ್ತಿಕೊಂಡಿದ್ದವು.

“ಮೇಡಂ, ನಾನು ಸಹಿ ಹಾಕಲ್ಲ.”

“ಏನಂದೆ?”

“ಅವಳು ಸುಮ್ಮನೆ ಕಾಗದ ಕತ್ತರಿಸ್ತಿದ್ದಳು. ನಾನೇ ಹಿಂದಿನಿಂದ ಹೋಗಿ ಕೈ ಹಿಡಿದೆ. ಅದನ್ನ ಬರೀಲಿಲ್ಲ.”

“ಮೆತ್ತಗೆ! ಹೊಲಿಗೆ ಹಾಕಿಸ್ಕೊಂಡ ಹುಡುಗನ ಅಪ್ಪ ಹಿಂದೇನೇ ಕೂತಿದ್ದಾನೆ. ಕೆಲಸ ಕಳ್ಕೋತೀಯ.”

ಕೂತವರೆಲ್ಲ ಇತ್ತ ತಿರುಗಿದ್ದರು. ಟೀಚರ್ ಹುಡುಗಿಯಿಂದ ನಾಲ್ಕು ಹಾಸುಗಲ್ಲು ದೂರದಲ್ಲಿ ನೆಲದ ಮೇಲೆ ಕೂತಳು. ಅದಕ್ಕಿಂತ ಹತ್ತಿರ ಸರಿಯಲಿಲ್ಲ.

ಹಿಂದೆ ಯಾರೋ ಕುರ್ಚಿಯನ್ನು ದರದರನೆ ಸರಿಸಿ ಎದ್ದರು. ಭಾರವಾದ ಹೆಜ್ಜೆಗಳು ಹತ್ತಿರವಾದವು. ಟೀಚರ್ ತಿರುಗಿ ನೋಡಲಿಲ್ಲ. ಎರಡೂ ಅಂಗೈಗಳನ್ನು, ಮಗುವಿಗೆ ಕಾಣುವಂತೆ, ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಕೂತಳು.