ಪಟ್ಟೆಯಪ್ಪ ಮನೆ ಹೊತ್ತುಕೊಂಡು ಹೋದದ್ದು

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ನಟರಾಜುವಿನ ಮನೆಯ ಮುಂದಿನ ದೊಡ್ಡ ಕೋಣೆಯಲ್ಲಿ ಮೂರು ಮಗ್ಗಗಳಿವೆ. ಒಂದರಲ್ಲಿ ನಟರಾಜು ಕೂರುತ್ತಾನೆ. ಇನ್ನೊಂದು ಮಧುವನಹಳ್ಳಿಯಿಂದ ದಿನಾ ಬೆಳಗಿನ ಬಸ್ಸಿಗೆ ಬರುವ ರಾಜಣ್ಣನದು, ಮೂರನೆಯದು ಪಕ್ಕದ ಮನೆಯ ಕೋಮಲಳದು. ನಟರಾಜುವಿನ ತಾಯಿ ಶಿವರತ್ನಮ್ಮ, ಹೆಂಡತಿ ಮೀನಾ ಇಬ್ಬರೂ ಗೋಡೆಯ ಪಕ್ಕ ರಾಟೆ ಇಟ್ಟುಕೊಂಡು ಲಾಳಿಗೆ ರೇಷ್ಮೆ ಸುತ್ತಿಕೊಡುತ್ತಾರೆ. ಕೈಕಾಲಿಗೆ ಎಷ್ಟು ಕೆಲಸವೋ ಬಾಯಿಗೆ ಅಷ್ಟೇ ಬಿಡುವು. ಬೀದಿಯಲ್ಲಿ ಆಡಿಕೊಳ್ಳಲು ಲಾಯಕ್ಕಾದವರನ್ನೆಲ್ಲ ಅವರು ಎಂದೋ ಆಡಿ ಮುಗಿಸಿದ್ದರು. ಒಂದೇ ಓಡಿಹೋದ ಪ್ರಕರಣವನ್ನು ಎಷ್ಟು ವರ್ಷ ಅಂತ ಜಗಿಯುವುದು?

ಅಂಥ ಹೊತ್ತಿನಲ್ಲಿ ನಟರಾಜು ಹೊಸ ಫೋನು ತಂದ. ಗಾಜು ಬಿರುಕುಬಿಟ್ಟಿದ್ದ ಹಳೆಯದು ಮೀನಾಳ ಪಾಲಿಗೆ ಬಂತು. ಅವಳು ಯಳಂದೂರಿನಲ್ಲಿರುವ ತಂಗಿ ಹೇಳಿಕೊಟ್ಟಂತೆ ಅದರಲ್ಲೊಂದು ಆಟ ಹಾಕಿಕೊಂಡಳು. ಗೆಲ್ಲುವುದು ಸೋಲುವುದು ಯಾವುದೂ ಇಲ್ಲದ ಆಟ. ಒಂದು ಮನೆ ಕಟ್ಟಬೇಕು, ಅದರೊಳಗೆ ಜನರನ್ನು ಇಳಿಸಬೇಕು, ಅವರಿಗೆ ಉಣ್ಣಿಸಿ, ಮೀಯಿಸಿ, ಮಲಗಿಸಿ, ಕೆಲಸಕ್ಕೆ ಕಳಿಸಬೇಕು. ಮೀನಾ ಮೋನಿಕಾ ಎಂಬ ಹೆಂಡತಿಯನ್ನೂ ಗಣೇಶ ಎಂಬ ಗಂಡನನ್ನೂ ಮಾಡಿದಳು. ಮನೆಯಲ್ಲಿ ಒಬ್ಬರಾದರೂ ದೊಡ್ಡವರಿರಲಿ ಎಂದು ಚಿಕ್ಕನಿಂಗಮ್ಮ ಎಂಬ ಮುದುಕಿಯನ್ನೂ ಸೇರಿಸಿದಳು. ಮುದುಕಿಗೆ ಸೀರೆ ಉಡಿಸಲು ಎಷ್ಟು ಹುಡುಕಿದರೂ ಆಟದಲ್ಲಿ ಸೀರೆ ಇರಲಿಲ್ಲ. ಕೊನೆಗೆ ಹಳದಿ ಗೌನು ತೊಡಿಸಿದಳು.

ಆ ಜನರ ಭಾಷೆ ಯಾರಿಗೂ ಅರ್ಥವಾಗುವಂಥದ್ದಲ್ಲ, ಬರೀ ಗೊಜಗೊಜ. ಅವರು ಏನು ಮಾತಾಡಿಕೊಂಡರು ಎಂಬುದನ್ನು ಮೀನಾ ತಾನೇ ಹುಟ್ಟಿಸಿಕೊಂಡು ಮಗ್ಗದವರಿಗೆ ಹೇಳತೊಡಗಿದಳು. ಮೊದಮೊದಲು ಯಾರೂ ಕಿವಿಗೊಡಲಿಲ್ಲ. ಒಂದು ದಿನ ಅವಳು ಸಾರು ಕುದಿಸಲು ಎದ್ದುಹೋಗಿ ಗಣೇಶನನ್ನು ಮರೆತಳು. ಬಂದು ನೋಡಿದರೆ ಅವನು ಅಡುಗೆಮನೆಯ ನಡುವೆ ನಿಂತು ಉಚ್ಚೆ ಹೊಯ್ದುಕೊಂಡು ಮುಖ ಮುಚ್ಚಿಕೊಂಡು ಅಳುತ್ತಿದ್ದ. ಇದನ್ನು ಕೇಳಿ ರಾಜಣ್ಣ ನಕ್ಕ ನಗೆಗೆ ಲಾಳಿ ಕೈತಪ್ಪಿ ನೆಲಕ್ಕೆ ಬಿತ್ತು. ಮಾರನೆಯ ಬೆಳಿಗ್ಗೆ ಶಿವರತ್ನಮ್ಮ ರಾಟೆಯ ಮುಂದೆ ಕೂತವಳೇ, ಅದನ್ನು ಯಾರಾದರೂ ಒರೆಸಿದರಾ ಎಂದು ಕೇಳಿದಳು. ಅಲ್ಲಿಗೆ ಎಲ್ಲರೂ ಆಟದ ಬಲೆಗೆ ಸಿಕ್ಕಿಬಿದ್ದಂತಾಯಿತು.

ತಿಂಗಳು ಕಳೆಯುವುದರೊಳಗೆ ಒಬ್ಬೊಬ್ಬರಿಗೆ ಆಟದ ಒಬ್ಬೊಬ್ಬರು ಇಷ್ಟವಾಗಿದ್ದರು. ಶಿವರತ್ನಮ್ಮನಿಗೆ ಚಿಕ್ಕನಿಂಗಮ್ಮ. ಆ ಮುದುಕಿ ಟೀವಿ ಮುಂದಿನ ಸೋಫಾ ಬಿಟ್ಟು ಏಳುತ್ತಿರಲಿಲ್ಲ. ಮೀನಾ ಏನಾದರೂ ಕೆಲಸದ ಗುಂಡಿ ಒತ್ತಿದರೆ ಕೈಯಾಡಿಸಿ ಆಗಲ್ಲ ಎನ್ನುತ್ತಿದ್ದಳು. ಲಂಗ ಹಾಕುವ ವಯಸ್ಸಿನಿಂದಲೂ ರಾಟೆ ತಿರುಗಿಸುತ್ತಿದ್ದ ಶಿವರತ್ನಮ್ಮನಿಗೆ ಇಷ್ಟು ನಿಸೂರಾಗಿ ಕೆಲಸ ಒಲ್ಲೆ ಎನ್ನುವ ಹೆಂಗಸನ್ನು ನೋಡಿ ಹೊಟ್ಟೆ ತಣ್ಣಗಾಗುತ್ತಿತ್ತು. "ಇವತ್ತೂ ಏಳ್ನಿಲ್ವಾ?" ಎಂದು ಕೇಳುವಳು. ಏಳಲಿಲ್ಲ ಎಂದರೆ ಅವಳ ಮುಖದಲ್ಲಿ ತವರಿನವರು ಮನೆ ಕಟ್ಟಿಸಿದಷ್ಟು ಹೆಮ್ಮೆ.

ಕೋಮಲಳಿಗೆ ಮೋನಿಕಾ. ಆ ಮನೆಗೆ ದಿನಾ ಒಬ್ಬ ಪೋಸ್ಟ್‌ಮ್ಯಾನ್ ಬರುತ್ತಿದ್ದ, ನೀಟಾಗಿ ಕ್ರಾಪು ತೆಗೆದವನು. ಮೋನಿಕಾ ಅವನೊಂದಿಗೆ ಗೇಟಿನ ಬಳಿ ನಿಂತರೆ ಕೋಮಲ ಮಗ್ಗ ತುಳಿಯುವುದನ್ನೇ ನಿಲ್ಲಿಸುತ್ತಿದ್ದಳು. ಕೋಮಲಳ ಗಂಡ ಲಾರಿ ಓಡಿಸುವವನು, ಮನೆಗೆ ಬಂದರೆ ಬಂದ. ಹಾಗಾಗಿ ಮೋನಿಕಾ ಆ ಪೆದ್ದ ಗಣೇಶನನ್ನು ಬಿಟ್ಟು ಪೋಸ್ಟ್‌ಮ್ಯಾನ್ ಜೊತೆ ಹೋಗಲೇಬೇಕು ಎಂಬುದರಲ್ಲಿ ಅವಳಿಗೆ ಎರಡು ಮಾತಿರಲಿಲ್ಲ.

ರಾಜಣ್ಣನದು ವಿಚಿತ್ರ. ಅವನು ಮೆಚ್ಚಿದ್ದು ಕಳ್ಳನನ್ನು. ಆಟದಲ್ಲಿ ಅಪರೂಪಕ್ಕೊಮ್ಮೆ, ಎಲ್ಲರೂ ಮಲಗಿದ ಮೇಲೆ, ಪಟ್ಟೆ ಬನಿಯನ್ನು ತೊಟ್ಟವನೊಬ್ಬ ಹೆಜ್ಜೆಯೆತ್ತಿ ಹೆಜ್ಜೆಯಿಟ್ಟು ಬಂದು ಟೀವಿಯನ್ನೋ ಫ್ರಿಜ್ಜನ್ನೋ ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದ. ಇಡೀ ಫ್ರಿಜ್ಜು, ಒಂದು ಕೈಚೀಲಕ್ಕೆ. ರಾಜಣ್ಣ ಅವನಿಗೆ ಪಟ್ಟೆಯಪ್ಪ ಎಂದು ಹೆಸರಿಟ್ಟ. ಆ ಮನೆಯಲ್ಲಿ ಕಸುಬು ಬಲ್ಲವನು ಅವನೊಬ್ಬನೇ, ಉಳಿದವರೆಲ್ಲ ದಂಡಪಿಂಡಗಳು ಎಂಬುದು ರಾಜಣ್ಣನ ವಾದ.

ನಟರಾಜು ಮಾತ್ರ ಇದೆಲ್ಲ ಹೆಂಗಸರ ಹುಚ್ಚು ಎನ್ನುತ್ತಿದ್ದ. ಅವನದು ಮಾತೇ ಕಡಿಮೆ. ಆದರೆ ಗಣೇಶ ಮೊಟ್ಟೆ ಹೊತ್ತಿಸಿ ಬೈಸಿಕೊಂಡ ದಿನ ನಟರಾಜು ಮಧ್ಯಾಹ್ನ ಸರಿಯಾಗಿ ಉಣ್ಣಲಿಲ್ಲ. ಮೀನಾ ಅದನ್ನು ಗಮನಿಸಿದಳು.

ಹೀಗಿರುವಾಗ ಕೋಮಲ ದುಂಬಾಲು ಬಿದ್ದಳು. ನಾಳೆ ಮೋನಿಕಾಳನ್ನೂ ಪೋಸ್ಟ್‌ಮ್ಯಾನನ್ನೂ ಮದುವೆ ಮಾಡಿಬಿಡು, ಆಟದಲ್ಲಿ ಅದಕ್ಕೊಂದು ಗುಂಡಿ ಇದೆಯಂತಲ್ಲ ಎಂದಳು. ಮೀನಾ ಹೂಂಗುಟ್ಟಿದಳು. ಅಷ್ಟು ಹೊತ್ತು ತಲೆ ತಗ್ಗಿಸಿ ಸೆರಗು ನೇಯುತ್ತಿದ್ದ ನಟರಾಜು ಕೈ ನಿಲ್ಲಿಸಿದ.

"ನಮ್ಮನೇಲಿ ಇಂಥವೆಲ್ಲ ನಡಿಯಕ್ಕಿಲ್ಲ," ಎಂದ.

"ನಿಮ್ಮನೇಲಿ ಅಲ್ಲ ಕಣಣ್ಣ, ಫೋನಲ್ಲಿ," ಎಂದಳು ಕೋಮಲ.

"ಫೋನು ನಮ್ಮನೇದು."

ಆದರೆ ಕೋಮಲ ಸುಮ್ಮನಾಗುವವಳಲ್ಲ ಎಂದು ಅವನಿಗೂ ಗೊತ್ತು. ಮಾರನೆಯ ದಿನ ಮೀನಾ ಮತ್ತು ಶಿವರತ್ನಮ್ಮ ರೇಷನ್ ತರಲು ಹೋದಾಗ, ಉಳಿದಿಬ್ಬರು ಊಟಕ್ಕೆ ಎದ್ದಾಗ, ಅವನು ಹಳೆಯ ಫೋನನ್ನು ತೆಗೆದುಕೊಂಡು ಹಿತ್ತಲಿಗೆ ಹೋಗಿ ಆಟ ತೆರೆದ. ಗೇಟಿನ ಬಳಿ ಪೋಸ್ಟ್‌ಮ್ಯಾನ್ ಬಂದು ನಿಂತಿದ್ದ. ನಟರಾಜು ಹೆಂಡತಿ ಗೋಡೆ ಕಟ್ಟುವುದನ್ನು ಓರೆಗಣ್ಣಿನಲ್ಲಿ ನೋಡಿ ಕಲಿತಿದ್ದ. ಪೋಸ್ಟ್‌ಮ್ಯಾನ್ ಸುತ್ತ ನಾಲ್ಕು ಗೋಡೆ ಎಬ್ಬಿಸಿದ. ಬಾಗಿಲು ಇಡಲಿಲ್ಲ. ಒಳಗೆ ಅವನು ಕೈ ಬೀಸುತ್ತ ಗೊಜಗೊಜ ಅಂದ, ಆಮೇಲೆ ಹಸಿದ, ಆಮೇಲೆ ಗಣೇಶನಿಗೆ ಆಗಿದ್ದೇ ಅವನಿಗೂ ಆಯಿತು. ನಟರಾಜುವಿಗೆ ಒಂದು ಗಳಿಗೆ ಬಹಳ ತೃಪ್ತಿಯಾಯಿತು. ಆಮೇಲೆ ಹೆದರಿಕೆಯಾಯಿತು. ಗೋಡೆ ಕೆಡವುವುದು ಹೇಗೆಂದು ಅವನು ನೋಡಿರಲಿಲ್ಲ. ಅಷ್ಟರಲ್ಲಿ ಬೀದಿ ಬಾಗಿಲಲ್ಲಿ ತಾಯಿಯ ದನಿ ಕೇಳಿತು. ಅವನು ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿದ. ಫೋನು ಇಂಗ್ಲಿಷಿನಲ್ಲಿ ಏನೋ ಕೇಳಿತು, ಹೌದು ಎಂದು ಒತ್ತಿದ. ಮತ್ತೊಮ್ಮೆ ಕೇಳಿತು, ಮತ್ತೊಮ್ಮೆ ಹೌದು ಎಂದ.

ಮನೆ ಹೋಯಿತು. ಮೋನಿಕಾ, ಗಣೇಶ, ಮುದುಕಿ, ಸೋಫಾ, ಎಲ್ಲ ಹೋಗಿ ಹುಲ್ಲು ಬೆಳೆದ ಖಾಲಿ ಸೈಟು ಉಳಿಯಿತು.

ತಾನಾಗಿಯೇ ಅಪ್‌ಡೇಟ್ ಆಯಿತು ಎಂದು ನಟರಾಜು ಹೇಳಿನೋಡಿದ. ಮೀನಾ ಅವನ ಮುಖ ನೋಡಿದಳು. ಅಲ್ಲಿಗೆ ಅವನು ಗೋಡೆಯ ವಿಷಯವನ್ನೂ ಒಪ್ಪಿಕೊಂಡುಬಿಟ್ಟ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ. ಅತ್ತಳು, ಒಂದಷ್ಟು ಹೊತ್ತು, ಕಾಗದದಲ್ಲೂ ಇಲ್ಲದ ಜನಕ್ಕಾಗಿ ಅಳುತ್ತಿದ್ದೇನಲ್ಲ ಎಂದು ನಾಚಿಕೆಪಡುತ್ತಲೇ ಅತ್ತಳು.

ಆಮೇಲೆ ಕೋಣೆಯಲ್ಲಿ ಮಗ್ಗದ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಕೋಮಲ ನಟರಾಜುವಿನತ್ತ ಬೆನ್ನು ತಿರುಗಿಸಿ ಕೂರಲು ನೋಡಿದಳು, ಮಗ್ಗ ಹಾಗೆ ತಿರುಗುವುದಿಲ್ಲ. ರಾಜಣ್ಣ ಬೀಡಿಗೆಂದು ಪದೇಪದೇ ಹೊರಗೆ ಹೋದ. ಈ ಮೌನವನ್ನು ಒಡೆದವಳು ಶಿವರತ್ನಮ್ಮ. ಅವಳು ಯಾರನ್ನೂ ಕುರಿತಲ್ಲದೆ, ತನ್ನ ರಾಟೆಗೆ ಹೇಳುವಂತೆ ಹೇಳಿದಳು, ಉಳಿದವರು ಹೋಗಿರಬಹುದು, ಚಿಕ್ಕನಿಂಗಮ್ಮ ಹೋಗಿರಲಿಕ್ಕಿಲ್ಲ. ಅವಳಿಗೆ ಏಳುವುದೇ ಆಗಬರುವುದಿಲ್ಲ, ಇನ್ನು ಹೋಗುವುದೆಲ್ಲಿ ಬಂತು.

ರಾಜಣ್ಣ ಲಾಳಿ ನಿಲ್ಲಿಸಿದ. "ಯಾರೂ ಎಲ್ಗೂ ಓಗಿಲ್ಲ ಕಣಕ್ಕ," ಎಂದ. "ಪಟ್ಟೆಯಪ್ಪ ಮನೆ ಸಮೇತ ಚೀಲಕ್ಕೆ ತುಂಬ್ಕಂಡು ಓಗವ್ನೆ. ನಿಮ್ಮ ಚಿಕ್ಕನಿಂಗಮ್ಮ ಸೋಫಾದ್ಮೇಲೆ ಕೂತಂಗೇ ಓಗವ್ಳೆ."

ಕೋಮಲ ತಡೆಯಲಾರದೆ, ಎಲ್ಲಿಗೆ ಎಂದು ಕೇಳಿದಳು. ಹನೂರಿಗೆ ಎಂದ ರಾಜಣ್ಣ. ಹನೂರೇ ಯಾಕೆ ಎಂದರೆ ಪಟ್ಟೆಯಪ್ಪನ ಹೆಂಡತಿಯ ಊರು ಅದು, ಕದ್ದ ಮಾಲನ್ನು ಯಾವ ಕಳ್ಳನಾದರೂ ಅತ್ತೆ ಮನೆಯಲ್ಲಿ ಇಡದೆ ಇನ್ನೆಲ್ಲಿ ಇಡುತ್ತಾನೆ ಎಂದು ಕೇಳಿದ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಖಾಲಿ ಜಾಗದಲ್ಲಿ ಚೀಲ ಬಿಚ್ಚಿ ಮನೆ ಇಳಿಸಿದ್ದಾನಂತೆ. ಅಡಿಪಾಯ ಕೊಂಚ ಓರೆಯಾಗಿ ಕೂತಿದೆಯಂತೆ.

ಅಂದಿನಿಂದ ಫೋನಿಲ್ಲದೆಯೇ ಆಟ ಶುರುವಾಯಿತು. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಂದು ಗಲಾಟೆಯಾದಾಗ ಶಿವರತ್ನಮ್ಮ ಒಂದು ಕಟ್ಟಳೆ ಮಾಡಿದಳು: ಅವರವರಿಗೆ ಬೇಕಾದವರ ಕಥೆಯನ್ನು ಅವರವರೇ ಹೇಳಬೇಕು, ಬೇರೆಯವರು ಮದುವೆ ಮಾಡಿಸುವುದಾಗಲಿ ಕೊಲ್ಲುವುದಾಗಲಿ ಕೂಡದು. ಆಮೇಲೆ ಮಗನತ್ತ ತಿರುಗಿದಳು.

"ಲೇ ನಟ, ಆ ಪೋಸ್ಟ್‌ಮ್ಯಾನ್ ಇನ್ನೂ ಗೋಡೆಯೊಳ್ಗೇ ಅವ್ನೆ. ಕಟ್ದೋನು ನೀನು. ಗಣೇಶನ ಕೈಲಿ ಒಡ್ಸು."

ನಟರಾಜು ನೆಲ ನೋಡಿದ. ಅವನು ಜನ್ಮದಲ್ಲಿ ಕಥೆ ಹೇಳಿದವನಲ್ಲ. ಗಣೇಶ ಬಂದ, ಎಂದ. ಸುತ್ತಿಗೆ ತಂದ, ಎಂದ. ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತ, ಗೋಡೆಯ ಈ ಕಡೆ ನಿಂತು ಗಣೇಶ ಯೋಚನೆ ಮಾಡಿದ, ಎಂದ. ಒಡೆದರೆ ಹೆಂಡತಿ ಹೋಗುತ್ತಾಳೆ, ಒಡೆಯದಿದ್ದರೆ ಅವನು ಸಾಯುತ್ತಾನೆ, ಸತ್ತರೂ ಹೆಂಡತಿ ಗೋಡೆಯನ್ನೇ ನೋಡಿಕೊಂಡು ಕೂತಿರುತ್ತಾಳೆ. ಅದಕ್ಕೇ ಒಡೆದ. ಒಳಗಿನಿಂದ ಪೋಸ್ಟ್‌ಮ್ಯಾನ್ ಬಂದವನು ಮೊದಲು ಕೇಳಿದ್ದು ಕಕ್ಕಸು ಎಲ್ಲಿ ಅಂತ. ಗಣೇಶ ತೋರಿಸಿದ, ತನ್ನದೊಂದು ಪಂಚೆಯನ್ನೂ ಕೊಟ್ಟ.

ಯಾರೂ ನಗಲಿಲ್ಲ. ಕೋಮಲ ತಾನು ನೇಯುತ್ತಿದ್ದ ಕೆಂಪು ಸೀರೆಯ ಅಂಚಿನ ಮೇಲೆ ಬೆರಳಾಡಿಸುತ್ತ ಕೂತಿದ್ದಳು. ಈಗ ಅವಳ ಸರದಿ. ಅವಳು ಮೋನಿಕಾಳನ್ನು ಪೋಸ್ಟ್‌ಮ್ಯಾನ್ ಜೊತೆ ಕಳಿಸುತ್ತಾಳೆ ಎಂದೇ ಎಲ್ಲರೂ ಕಾದರು. ಮೋನಿಕಾ ಇಬ್ಬರನ್ನೂ ನೋಡಿದಳು ಎಂದಳು ಕೋಮಲ. ಒಬ್ಬ ಪಂಚೆ ಕೊಟ್ಟವನು, ಇನ್ನೊಬ್ಬ ಪಂಚೆ ಉಟ್ಟವನು. ಇಬ್ಬರಲ್ಲೂ ಅಂಥ ವಿಶೇಷವೇನೂ ಕಾಣಲಿಲ್ಲ. ಅವಳು ಬಸ್‌ಸ್ಟ್ಯಾಂಡಿಗೆ ಹೋಗಿ, ಹನೂರು-ಕೊಳ್ಳೇಗಾಲ ಬಸ್ಸಿಗೆ ಕಂಡಕ್ಟರಾಗಿ ಸೇರಿಕೊಂಡಳು. ಇಬ್ಬರು ಗಂಡಸರೂ ಈಗ ಒಂದೇ ಮನೆಯಲ್ಲಿ ಅಡುಗೆ ಕಲಿಯುತ್ತಿದ್ದಾರೆ, ಅವಳು ಟ್ರಿಪ್ ಮುಗಿಸಿ ಬಂದು ರುಚಿ ನೋಡುತ್ತಾಳೆ. ರಾಜಣ್ಣ ಇದು ಭೇಷಾಯಿತು ಎಂದ. ನಟರಾಜು ಅವತ್ತು ಕೋಮಲಳ ಮಗ್ಗದ ಸಡಿಲವಾಗಿದ್ದ ಹಗ್ಗವನ್ನು ತಾನೇ ಬಿಗಿದುಕೊಟ್ಟ.

ಅತ್ತ ಮೀನಾ ಆಟವನ್ನು ಮತ್ತೆ ಹಾಕಿಕೊಂಡು, ಮೊದಲಿದ್ದಂತೆಯೇ ಮನೆ ಕಟ್ಟಿ, ಅದೇ ಮೂಗು ಅದೇ ಕ್ರಾಪು ಹುಡುಕಿ, ಹಳದಿ ಗೌನನ್ನೂ ಮರೆಯದೆ, ಎಲ್ಲರನ್ನೂ ಪುನಃ ಮಾಡಿದ್ದಳು. ಒಂದು ಬೆಳಿಗ್ಗೆ ಖುಷಿಯಿಂದ ಫೋನನ್ನು ತಂದು ತೋರಿಸಿದಳು. ಎಲ್ಲರೂ ಮಗ್ಗದಿಂದ ಇಳಿದು ಬಂದು ನೋಡಿದರು. ಹೆಣ್ಣು ಒಪ್ಪಿಗೆಯಾಗದಾಗ ಕಾಫಿ ಲೋಟ ನೋಡುತ್ತಾರಲ್ಲ, ಹಾಗೆ ಅಲ್ಲಿ ಇಲ್ಲಿ ನೋಡಿದರು. ಶಿವರತ್ನಮ್ಮ ಕನ್ನಡಕ ಏರಿಸಿ ಬಗ್ಗಿದಳು.

"ಇವ್ಳು ಅವ್ಳಲ್ಲ ಕಣವ್ವ," ಎಂದಳು. "ನೋಡು, ನೀನು ಹೇಳ್ದೇಟ್ಗೆ ಕಸ ಗುಡುಸ್ತಾವ್ಳೆ."

ಮೀನಾಳಿಗೆ ಕೋಪ ಬಂತು. ಇವರನ್ನೆಲ್ಲ ಹುಟ್ಟಿಸಿದವಳು ತಾನು, ಮಾತು ಕೊಟ್ಟವಳು ತಾನು. ಈಗ ನೋಡಿದರೆ ಒಬ್ಬೊಬ್ಬರನ್ನು ಒಬ್ಬೊಬ್ಬರು ಹಂಚಿಕೊಂಡು ಹನೂರಿಗೆ ಸಾಗಿಸಿದ್ದಾರೆ, ಅಲ್ಲಿ ತನ್ನವರು ಅಂತ ಒಬ್ಬರೂ ಇಲ್ಲ. ಅವಳು ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು ರಾಟೆಯ ಮುಂದೆ ಕೂತಳು. ರಾಜಣ್ಣ ಅಂದಿನ ಕಥೆ ಎತ್ತಿಕೊಂಡು, ಪಟ್ಟೆಯಪ್ಪ ಸೋಫಾದಲ್ಲಿ ಮುದುಕಿಯ ಪಕ್ಕ ಆರಾಮಾಗಿ ಕೂತು ಟೀವಿ ನೋಡುತ್ತಿದ್ದ ಎನ್ನುವಷ್ಟರಲ್ಲಿ ಮೀನಾ ಬಾಯಿ ಹಾಕಿದಳು. ಆಗ ಬಾಗಿಲು ಬಡಿದ ಸದ್ದಾಯಿತು ಎಂದಳು. ಯಾರು ಎಂದ ರಾಜಣ್ಣ. ಸೈಟಿನ ಓನರು, ಎಂದಳು ಮೀನಾ. ಗೋವಿಂದಮ್ಮ ಅಂತ. ಹೊಸೂರಿನ ಮಗಳ ಮನೆಯಿಂದ ಬಂದು ನೋಡುತ್ತಾಳೆ, ತನ್ನ ಜಾಗದಲ್ಲಿ ಯಾರದೋ ಮನೆ, ಅದೂ ಓರೆಯಾಗಿ. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಬೈಯುತ್ತಿದ್ದಾಳೆ, ಕೈಯಲ್ಲಿ ಪೊರಕೆ ಇದೆ.

ಕೋಣೆಯಲ್ಲಿ ಮೂರೂ ಮಗ್ಗ ನಿಂತವು. ಆಟದಲ್ಲಿ ಎಂದೂ ಇಲ್ಲದ ಹೆಂಗಸು ಅವಳು, ಯಾವ ಗುಂಡಿಗೂ ಸಿಗುವವಳಲ್ಲ. ಪಟ್ಟೆಯಪ್ಪ ಸೋಫಾದ ಕೆಳಗೆ ಅವಿತ, ಎಂದ ರಾಜಣ್ಣ ಮೆಲ್ಲಗೆ. ಗೋವಿಂದಮ್ಮ ಮೊದಲು ನೋಡುವುದೇ ಸೋಫಾದ ಕೆಳಗೆ, ಎಂದಳು ಮೀನಾ. ಮೊಟ್ಟಮೊದಲ ಬಾರಿಗೆ ಅವಳ ಹೊಟ್ಟೆಯೂ ತಣ್ಣಗಾಯಿತು. ಚಿಕ್ಕನಿಂಗಮ್ಮನನ್ನು ಏಳಿಸುವುದು ಮಾತ್ರ ಗೋವಿಂದಮ್ಮನಿಂದಲೂ ಆಗಲಿಲ್ಲ. ಅಲ್ಲಿ ಶಿವರತ್ನಮ್ಮ ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಮುದುಕಿಯೊಬ್ಬಳನ್ನು ಬಿಟ್ಟು ಆ ಮನೆಯವರೆಲ್ಲ ಬೀದಿಯಲ್ಲಿ ನಿಂತು, ಗೋವಿಂದಮ್ಮ ಒಬ್ಬೊಬ್ಬರಿಗೂ ಹಾಕಿದ ಷರತ್ತಿಗೆ ಒಪ್ಪಿ ಒಳಗೆ ಹೋಗತೊಡಗಿದ್ದರು. ಊಟಕ್ಕೆ ಕೂತಾಗ ನಟರಾಜು ಸಾರು ಕಲೆಸುತ್ತ, ತಲೆಯೆತ್ತದೆ ಕೇಳಿದ:

"ಗಣೇಶನ್ನ ಒಳಿಕ್ಕೆ ಬುಡ್ತಾಳಾ?"

"ಉಂಡ ತಟ್ಟೆ ತೊಳುದ್ರೆ ಬುಡ್ತಾಳಂತೆ," ಎಂದಳು ಮೀನಾ.

ನಟರಾಜು ಒಂದಿಷ್ಟು ಯೋಚನೆ ಮಾಡಿದ. ಉಂಡು ಮುಗಿಸಿ, ಎದ್ದು, ತಟ್ಟೆ ಹಿಡಿದು ನಲ್ಲಿಯತ್ತ ಹೋದ. ಶಿವರತ್ನಮ್ಮ ಬಾಯಿಗೆತ್ತಿದ ಕೊನೆಯ ತುತ್ತನ್ನು ಹಾಗೇ ಹಿಡಿದು ನೋಡಿದಳು. ಅವನು ತನ್ನದೊಂದು ತಟ್ಟೆಯನ್ನು ಮಾತ್ರ ತೊಳೆದು, ಹೆಂಗಸರಿಬ್ಬರ ತಟ್ಟೆಗಳನ್ನೂ ಹಾಗೆಯೇ ಬಿಟ್ಟು, ದೊಡ್ಡ ಕೆಲಸ ಮಾಡಿದವನಂತೆ ಕೈ ಒರೆಸಿಕೊಂಡು ಬಂದು ನಿಂತ. ಮೀನಾ ಆ ಒಂದು ತಟ್ಟೆಯನ್ನು ಅಳೆದು ನೋಡಿ, ಗಣೇಶನನ್ನು ಜಗುಲಿಯವರೆಗೆ ಮಾತ್ರ ಬಿಟ್ಟಳು.