ತಮ್ಮನ ಓದುವ ಸರದಿ

ನನ್ನ ತಮ್ಮನಿಗೆ ತೊದಲು. ಊರಿಗೆಲ್ಲ ಕ್ಷೌರ ಮಾಡುವವನು ಅವನು. ಪಕ್ಕದ ಇಸ್ತ್ರಿ ಅಂಗಡಿ ನನ್ನದು. ಅವನು ಅರ್ಧ ಹೇಳಿದ ಮಾತನ್ನು ಪೂರ್ತಿ ಮಾಡಿಕೊಡುವುದು ಊರಿನವರಿಗೆಲ್ಲ ದೊಡ್ಡ ಪರೋಪಕಾರ. ಒಮ್ಮೆ ಬೇಕರಿಯವರ ಮೀಸೆ ಕತ್ತರಿಸುತ್ತ, ಅಲ್ಲಾಡಬೇಡಿ ಎನ್ನಲು "ಅ... ಅ..." ಎಂದ. "ಅಕ್ಕನ್ನ ಕರೀಬೇಕಾ?" ಎಂದು ಅವರು ನನ್ನ ಅಂಗಡಿಯತ್ತ ತಿರುಗಿದರು. ಅರ್ಧ ಮೀಸೆ ನೆಲಕ್ಕೆ ಬಿತ್ತು. ಆದರೂ ಊರಿನವರಿಗೆ ಬುದ್ಧಿ ಬರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ನಮ್ಮ ಚರ್ಚಿನಲ್ಲಿ ಭಾನುವಾರದ ಬೈಬಲ್ ಪಾಠವನ್ನು ಮನೆಗೊಬ್ಬರಂತೆ ಸರದಿಯಲ್ಲಿ ಓದುತ್ತಾರೆ. ನಮ್ಮ ಮನೆಯಿಂದ ಯಾವಾಗಲೂ ನಾನೇ. ಈ ಸಲ ತಮ್ಮ ತಾನೇ ಓದುತ್ತೇನೆಂದು ಹಟ ಹಿಡಿದ. ಕಾರಣ ಅವನ ಮಗಳು. ಏಳು ವರ್ಷದ ಆ ಹುಡುಗಿಗೂ ತೊದಲು. ಶಾಲೆಯಲ್ಲಿ ನಕ್ಕರೆಂದು ಎರಡು ತಿಂಗಳಿಂದ ಬಾಯಿಯೇ ಬಿಟ್ಟಿರಲಿಲ್ಲ. ಅಪ್ಪ ಎಲ್ಲರ ಮುಂದೆ ಓದುವುದನ್ನು ಅವಳು ನೋಡಬೇಕಿತ್ತು.

"ದೇವರು ನಿನ್ನ ನಾಲಿಗೆ ಬಿಡಿಸ್ಲಿ ಅಂತ ಎಲ್ಲರೂ ಪ್ರಾರ್ಥನೆ ಮಾಡ್ತಿದೀವಲ್ಲಪ್ಪ, ಅಲ್ಲೀವರೆಗೂ ಅಕ್ಕನೇ ಓದ್ಲಿ," ಎಂದರು ಪಾಸ್ಟರ್.

"ಇಪ್ಪತ್ತು ವ... ವರ್ಷ ಆಯ್ತು ಅಯ್ಯನೋರೇ. ದೇವರಿಗೆ ಅ... ಅವಸರ ಇಲ್ಲ ಅನ್ಸುತ್ತೆ."

ಅಂದಿನ ಪಾಠ, ನಾಲಿಗೆ ಸರಿಯಾಗಿ ಹೊರಳದ ಒಬ್ಬ ಕುರಿಗಾಹಿಯನ್ನು ದೇವರು ಅರಸನ ಬಳಿಗೆ ಮಾತಾಡಲು ಕಳಿಸುವ ಕತೆ. ನಿನ್ನ ಕೈಯಲ್ಲೇನಿದೆ ಎಂದು ದೇವರು ಕೇಳುವವರೆಗೆ ತಮ್ಮ ಹೇಗೋ ಓದಿದ. ಕುರಿಗಾಹಿಯ ಉತ್ತರ ಮಾತ್ರ "ಕೋ... ಕೋ..." ಎಂದು ನಿಂತಿತು.

"ಕೋಪ!" ಎಂದರು ಟೀಚರಮ್ಮ.

"ಕೋಟು!" ಎಂದ ಟೈಲರ್.

"ಕೋಳಿ!" ಎಂದರು ಬೇಕರಿಯವರು.

ಚರ್ಚೆಲ್ಲ ಗೊಳ್ಳೆಂದಿತು. ನಾನು ತಡೆಯಲಾರದೆ ಎದ್ದು, "ಕೋಲು ರೀ, ಕೋಲು!" ಎಂದು ಕೂಗಿದೆ. ಸರಿಯುತ್ತರ ಹೇಳಿದ ಹೆಮ್ಮೆ ಬೇರೆ. ತಮ್ಮ ನನ್ನನ್ನು ನೋಡಿದ. ಕೋಳಿ ಎಂದವರನ್ನು ಕ್ಷಮಿಸಿದ್ದ, ನನ್ನನ್ನಲ್ಲ. ತೆಪ್ಪಗೆ ಕೂತೆ. ಪಕ್ಕದಲ್ಲಿ ಮಗು ನನ್ನ ತೋಳಿಗೆ ಮುಖ ಒತ್ತಿಕೊಂಡಿತ್ತು.

"ನೀವೆಲ್ಲ ಒ... ಒಳ್ಳೇವರು," ಎಂದ ತಮ್ಮ. "ಆದ್ರೆ ಇದನ್ನ ನಾನೇ ಮು... ಮುಗಿಸ್ತೀನಿ."

ಮುಂದೆ ಓದಿದ. ನನಗೆ ಮಾತು ಬಾರದು, ನನ್ನ ನಾಲಿಗೆ ಮಂದ ಎಂದು ಕುರಿಗಾಹಿ ಗೋಗರೆಯುತ್ತಾನೆ. ಮನುಷ್ಯನಿಗೆ ಬಾಯಿ ಕೊಟ್ಟವನು ಯಾರು ಎಂದು ದೇವರು ಕೇಳುತ್ತಾನೆ. ಅಲ್ಲಿ ಮತ್ತೆ ಸಿಕ್ಕಿಕೊಂಡ. "ನಾ... ನಾ..." ಕುತ್ತಿಗೆಯ ನರ ಉಬ್ಬಿತು. ಬೇಕರಿಯವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಟೈಲರ್ ಛಾವಣಿ ನೋಡುತ್ತಿದ್ದ. ಸಹಾಯ ಮಾಡುತ್ತೇನೆಂದು ಇಷ್ಟು ವರ್ಷ ಬೀಗಿದವಳಿಗೆ ಕಾಯುವುದೇ ಬರುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು.

"ನಾ... ನಾನೇ! ಹೋಗು, ನಿನ್ನ ಬಾಯಿಗೆ ನಾನು ಜೊ... ಜೊತೆಯಾಗಿರುತ್ತೇನೆ."

ಎಲ್ಲರೂ ಆಮೆನ್ ಎಂದರು. ಬೇಕರಿಯವರದು ಅಷ್ಟು ಹೊತ್ತು ಕಟ್ಟಿಟ್ಟುಕೊಂಡಿದ್ದ ಆಮೆನ್; ಕಿಟಕಿಯ ಗಾಜು ನಡುಗಿತು. ನಾನು ಅಳುತ್ತಿದ್ದೆ.

ಆಗ ಮಗು ನನ್ನ ತೋಳು ಎಳೆಯಿತು. "ಅ... ಅತ್ತೆ, ಮು... ಮು..."

ಮುಗೀತಾ? ಮುತ್ತು ಬೇಕಾ? ಮುಖ ಒರೆಸಬೇಕಾ? ಹತ್ತು ಮಾತು ನಾಲಿಗೆಯ ತುದಿಗೆ ಬಂದವು. ಎಲ್ಲವನ್ನೂ ನುಂಗಿಕೊಂಡೆ. ಪಾಸ್ಟರ್ ಬೋಧನೆ ಶುರುಮಾಡಿದರು. ನಾನು ಕಾದೆ.

"ಮುಂದಿನ ಸ... ಸಲ ನಾ... ನಾನು ಓದ್ಲಾ?"