ನೀಟು ಭಾವ ಹಾಕಿದ ಮುದ್ರೆ

ಕೆಟ್ಟವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ನನ್ನ ಸಿಟ್ಟೆಲ್ಲ ಅಕ್ಕನ ಗಂಡನ ಮೇಲೆ. ಅವರೋ ಇರುವೆಗೂ ದಾರಿ ಬಿಡುವ ಮನುಷ್ಯ. ಮನೆಯಲ್ಲಿ ಎಲ್ಲರೂ ಅವರನ್ನು ನೀಟು ಭಾವ ಅಂತಲೇ ಕರೆಯುತ್ತೇವೆ. ಕರವಸ್ತ್ರಕ್ಕೂ ಇಸ್ತ್ರಿ ಬೇಕು. ಯಾರ ಮನೆಗೆ ಹೋದರೂ ಬಾಗಿಲಲ್ಲಿ ಬಿದ್ದ ಚಪ್ಪಲಿಗಳನ್ನು ಜೋಡಿಸದೆ ಒಳಗೆ ಕಾಲಿಡುವುದಿಲ್ಲ.

ಈ ಸಲದ ಚುನಾವಣೆಯಲ್ಲಿ ನಮ್ಮಿಬ್ಬರಿಗೂ ಒಂದೇ ಮತಗಟ್ಟೆ ಬಿತ್ತು. ನಾನು ಅಲ್ಲಿನ ಅಧಿಕಾರಿ, ಅವರು ನನ್ನ ಕೈಕೆಳಗೆ. ಮತದಾನ ಮುಗಿದ ಮೇಲೆ ಎಲ್ಲ ಪಕ್ಷದ ಏಜೆಂಟರ ಕಣ್ಣೆದುರೇ ಪೆಟ್ಟಿಗೆಯ ದಾರದ ಗಂಟಿಗೆ ಅರಗು ಸುರಿದು ಹಿತ್ತಾಳೆ ಮುದ್ರೆ ಒತ್ತಿದೆ. ಆಮೇಲಿನ ನಿಯಮ ಒಂದೇ: ಪೆಟ್ಟಿಗೆ ಒಬ್ಬರ ಬಳಿ, ಮುದ್ರೆ ಇನ್ನೊಬ್ಬರ ಬಳಿ. ಬೀಗ, ಕೀಲಿಕೈ ಎರಡೂ ಒಂದೇ ಜೇಬಿನಲ್ಲಿದ್ದರೆ ಬೀಗ ಯಾಕೆ?

ಪೆಟ್ಟಿಗೆ ಒಪ್ಪಿಸಲು ಹೊರಟ ನಮ್ಮ ವ್ಯಾನು ಗುಂಡಿಗೆ ಇಳಿದು ಎದ್ದಾಗ ಅರಗು ಬಿರುಕು ಬಿಟ್ಟಿತು. ಗಂಟು ಹಾಗೇ ಇದೆ, ಆದದ್ದನ್ನು ಆದ ಹಾಗೆ ಹೇಳಿ ಒಪ್ಪಿಸೋಣ ಅಂದೆ. ಪೆಟ್ಟಿಗೆಗಳನ್ನು ಒಪ್ಪಿಸಿಕೊಳ್ಳುವ ಕೇಂದ್ರ ತಲುಪಿದ ಮೇಲೆ ನಮಗೆ ಯಾವ ಕೌಂಟರ್ ಎಂದು ಕೇಳಲು ಇಳಿದೆ. ಮುದ್ರೆಯಿದ್ದ ನನ್ನ ಚೀಲ, ಪೆಟ್ಟಿಗೆ ಹಿಡಿದು ಕೂತಿದ್ದ ಭಾವನ ಪಕ್ಕ, ಸೀಟಿನ ಮೇಲೇ ಉಳಿಯಿತು. ಆ ತಪ್ಪು ನನ್ನದು, ಅದಕ್ಕೂ ಸಿಟ್ಟಿದೆ.

ವಾಪಸು ಬಂದರೆ ಅರಗು ಹೊಸದಾಗಿ ಹೊಳೆಯುತ್ತಿತ್ತು. ಕಾವಲಿನ ಪೊಲೀಸಪ್ಪ ಮುಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಭಾವ ಮೇಣದಬತ್ತಿ ಆರಿಸುತ್ತಿದ್ದರು.

"ನೋಡು, ಈಗ ಯಾರೂ ಒಂದು ಮಾತು ಆಡೋ ಹಾಗಿಲ್ಲ," ಅಂದರು.

ಮೈಯೆಲ್ಲ ಉರಿದುಹೋಯಿತು. ಒಡೆದ ಮುದ್ರೆಗೆ ಕಾರಣ ಹೇಳಬಹುದಿತ್ತು, ಗಂಟು ತೋರಿಸಬಹುದಿತ್ತು. ಈ ಹೊಸ ಮುದ್ರೆಯನ್ನು ಯಾರು ನಂಬಬೇಕು? ಭಾವ ಕಳ್ಳರಲ್ಲ ಎಂದು ನನಗೆ ಗೊತ್ತು. ಆದರೆ ಬಿಸಿಲಲ್ಲಿ ನಿಂತು ಮತ ಹಾಕಿದವರಿಗೆ ಅವರು ಭಾವ ಅಲ್ಲ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಜನ ಅಂದರೆ ತಪ್ಪೇನು? ಇದನ್ನೆಲ್ಲ ಹಲ್ಲು ಕಚ್ಚಿಕೊಂಡೇ ಹೇಳಿದೆ. ಅವರ ಮುಖ ಸಪ್ಪಗಾಯಿತು.

"ಸುಮ್ನೆ ಕೊಟ್ಬಿಡು. ನನ್ನ ನಿವೃತ್ತಿ ಹತ್ರ ಬಂತು. ನಿಮ್ಮಕ್ಕನ ಮುಖ ನೋಡಿಯಾದ್ರೂ."

ಕೌಂಟರಿನ ಗುಮಾಸ್ತ ಪೆಟ್ಟಿಗೆ ನೋಡಿ, ಎಲ್ಲರೂ ಹೀಗೆ ನೀಟಾಗಿ ತಂದರೆ ನಮ್ಮ ಅರ್ಧ ತಲೆನೋವು ಹೋಗುತ್ತದೆ ಎಂದು ಹೊಗಳಿದ. ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇದು ಮೊದಲು ಹಾಕಿದ ಮುದ್ರೆ ಅಲ್ಲ. ನಾನಿಲ್ದಾಗ ಮತ್ತೆ ಹಾಕಿದ್ದಾರೆ," ಅಂದೆ.

ಆ ಪೆಟ್ಟಿಗೆಯ ಮತಗಳು ರದ್ದಾಗಿ, ಬೀದಿಗೆ ಬೀದಿಯೇ ಇನ್ನೊಮ್ಮೆ ಮತ ಹಾಕಬೇಕಾಯಿತು. ಮೊದಲ ಸಲ ಕುರ್ಚಿಯಲ್ಲಿ ಹೊತ್ತು ತಂದಿದ್ದ ಅಜ್ಜಿಯನ್ನು ಮತ್ತೆ ಹೊತ್ತು ತಂದರಂತೆ. ನಮ್ಮನ್ನು ಬಾಯಿಗೆ ಬಂದಂತೆ ಬೈದು, ಮತ ಹಾಕಿಯೇ ಹೋದಳಂತೆ. ನನಗೆ ನೋಟಿಸು ಬಂತು. ಭಾವ ಅಮಾನತಾದರು.

ಭಾನುವಾರ ಅಕ್ಕನ ಮನೆಗೆ ಹೋದೆ. ಅಕ್ಕ ನೀರು ಕೊಟ್ಟಳು. ಭಾವ ನನ್ನ ಕಡೆ ನೋಡದೆ ಎದ್ದು ಬಾಗಿಲಿಗೆ ಹೋದರು. ಅಕ್ಕ ಖಾಲಿ ಲೋಟ ಎತ್ತಿಕೊಳ್ಳುತ್ತ ಕೇಳಿದಳು.

"ಅಷ್ಟು ಜನರ ಮುಂದೆ ನೀನೇ ಹೇಳ್ಬೇಕಿತ್ತಾ?"

ನಾನಲ್ಲದೆ ಇನ್ಯಾರು ಹೇಳಬೇಕಿತ್ತು ಎಂದು ಕೇಳಿ ಎದ್ದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಇಂದಿಗೂ ಇಳಿದಿಲ್ಲ. ಬಾಗಿಲಿಗೆ ಬಂದು ನೋಡಿದರೆ ನನ್ನ ಚಪ್ಪಲಿಗಳನ್ನು ನೀಟಾಗಿ ಜೋಡಿಸಿ, ಬೀದಿಯ ಕಡೆಗೆ ತಿರುಗಿಸಿ ಇಟ್ಟಿದ್ದರು.